ಚಿಲ್ಲರೆ ಕಾಸಿನ ಮೇಲೆ ಚಕ್ರವರ್ತಿಯ ಮಾತು



ನಿಮ್ಮ ಜೇಬಿನಲ್ಲೋ, ಎಲೆಯಡಿಕೆ ಚೀಲದಲ್ಲೋ, ಸೆರಗಿನ ಗಂಟಿನಲ್ಲೋ ಒಂದು ನಾಣ್ಯವಿದ್ದರೆ ದಯವಿಟ್ಟು ಕೈಗೆ ತೆಗೆದುಕೊಳ್ಳಿ. ಒಂದು ರೂಪಾಯಿಯದಾದರೂ ಆಗಬಹುದು, ಐದರದಾದರೂ ಆಗಬಹುದು. ಒಂದು ಬದಿಯಲ್ಲಿ ಅಶೋಕಸ್ತಂಭದ ಸಿಂಹಗಳಿವೆ. ದೇಶದ ಹೆಸರು ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಇದೆ. ಇಸವಿಯ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಚಿಕ್ಕ ಗುರುತು ಸಿಕ್ಕೀತು. ವಜ್ರದ ಆಕಾರವಿದ್ದರೆ ಅದು ಮುಂಬಯಿಯ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೊಯಿಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ನಮ್ಮ ಕನ್ನಡ ಮಾತ್ರ ಅಲ್ಲಿಲ್ಲ. ನಮ್ಮ ಸುತ್ತಲಿನ ತಮಿಳೂ ಇಲ್ಲ. ಅವನ್ನು ನೋಡಬೇಕಾದರೆ ನೋಟು ಬೇಕು. ನೋಟಿನ ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ತಮಿಳು ಇನ್ನೂ ಕೆಳಗೆ, ತೆಲುಗಿನ ತಲೆಯ ಮೇಲೆ ಕೂತಿದೆ.

ಬ್ಯಾಂಕಿನ ಕೌಂಟರಿನಲ್ಲಿ ಕೂತು ಇಡೀ ಜೀವಮಾನ ಚಿಲ್ಲರೆ ಎಣಿಸಿದವನು ನಾನು. ಎಣಿಸಿದೆನೇ ಹೊರತು ಒಂದನ್ನೂ ನೋಡಿರಲಿಲ್ಲ. ಒಮ್ಮೆ ತರಬೇತಿಗೆಂದು ಚೆನ್ನೈಗೆ ಹೋದಾಗ ಭಾನುವಾರ ಹೊತ್ತು ಹೋಗದೆ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕಾಲು ಹಾಕಿದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ರೋಮ್ ದೇಶದ ನಾಣ್ಯಗಳನ್ನು ಕಂಡೆ. ಸಮುದ್ರದಾಚೆಯ ಆ ನಾಣ್ಯ ನಮ್ಮ ಕಡೆಯ ಮಣ್ಣಿನಲ್ಲಿ ಸಿಕ್ಕಿದ್ದು ಹೇಗೆ ಎಂಬ ಕುತೂಹಲ ಹುಟ್ಟಿತು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಸಿಕ್ಕ ಪುಸ್ತಕಗಳನ್ನು ನಿಧಾನವಾಗಿ ಓದಿ ತಿಳಿದುಕೊಂಡದ್ದರಲ್ಲಿ ಒಂದಿಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಪ್ರಾಂತ್ಯದಲ್ಲಿ ಸಿಕ್ಕಿರುವ ರೋಮನ್ ನಾಣ್ಯಗಳೆಂದರೆ ಎಲ್ಲರೂ ಚಿನ್ನ ಬೆಳ್ಳಿಯ ಮಾತನ್ನೇ ಆಡುತ್ತಾರೆ. ಕೊಯಮತ್ತೂರಿನ ಬಳಿಯ ವೆಳ್ಳಲೂರಿನಲ್ಲಿ 1842ರಲ್ಲಿ ನೂರಾರು ಬೆಳ್ಳಿ ನಾಣ್ಯ ಸಿಕ್ಕವು. ಅತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಮೆಣಸು, ಮುತ್ತು, ನವಿರಾದ ಬಟ್ಟೆ, ಹಸಿರು ಹರಳು ಇವುಗಳಿಗೆ ರೋಮಿನವರು ಕೊಟ್ಟ ಬೆಲೆ ಅದು. ಆದರೆ ಚಿನ್ನ ಬೆಳ್ಳಿ ಸಾಹುಕಾರನಿಂದ ಸಾಹುಕಾರನಿಗೆ ಹೋಗುವಂಥದ್ದು. ರೋಮಿನ ಬಡವನ ಕೈಯಲ್ಲಿ, ಸೊಪ್ಪು ಮಾರುವವಳ ಬುಟ್ಟಿಯಲ್ಲಿ, ಸಿಪಾಯಿಯ ಸೊಂಟದಲ್ಲಿ ಇದ್ದದ್ದು ಕಂಚಿನ ನಾಣ್ಯ. ನನ್ನ ಮಾತು ಅದರ ಬಗ್ಗೆ.

ರೋಮಿನವರ ಚಿಲ್ಲರೆ ಲೆಕ್ಕ ಕೇಳಿದರೆ ನಮ್ಮಲ್ಲಿ ವಯಸ್ಸಾದವರಿಗೆ ನಗು ಬಂದೀತು. ಕ್ರಿಸ್ತಪೂರ್ವ 20ರ ಆಸುಪಾಸಿನಲ್ಲಿ ಅಗಸ್ಟಸ್ ಚಕ್ರವರ್ತಿ ಗಟ್ಟಿಮಾಡಿದ ಲೆಕ್ಕ ಇದು. ಡಿನೇರಿಯಸ್ ಎಂಬ ಒಂದು ಬೆಳ್ಳಿ ನಾಣ್ಯಕ್ಕೆ ಹದಿನಾರು ಆಸ್. ಒಂದು ಆಸ್‌ಗೆ ನಾಲ್ಕು ಕ್ವಾಡ್ರನ್ಸ್. ಅಂದರೆ ನಮ್ಮ ಹಳೆಯ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ ಇದ್ದಹಾಗೆಯೇ! ಯಾರೂ ಯಾರಿಂದ ಕಲಿತದ್ದಲ್ಲ, ಲೆಕ್ಕ ತಾನಾಗಿ ಹೊಂದಿಕೊಂಡಿದೆ. ಡಿನೇರಿಯಸ್ಸೇ ನಮ್ಮ ಸಂಸ್ಕೃತ ಗ್ರಂಥಗಳಲ್ಲಿ ದೀನಾರವಾಯಿತು. ನಾಲ್ಕು ಆಸ್ ಸೇರಿದರೆ ಒಂದು ಸೆಸ್ಟರ್ಶಿಯಸ್. ನಮ್ಮ ನಾಲ್ಕಾಣೆ, ಅಂದರೆ ಪಾವಲಿ. ಸೆಸ್ಟರ್ಶಿಯಸ್ ಎಂದು ಮತ್ತೆ ಮತ್ತೆ ನಾಲಿಗೆ ತಿರುಚುವುದು ಬೇಡ. ಇನ್ನು ಮುಂದೆ ನಾನು ರೋಮಿನ ಪಾವಲಿ ಎಂದೇ ಹೇಳುತ್ತೇನೆ.

ಈ ಪಾವಲಿ ಒಳ್ಳೆಯ ದಪ್ಪ ಬಿಲ್ಲೆ. ಸುಮಾರು 25 ಗ್ರಾಂ ತೂಕ, ಮೂರು ಸೆಂಟಿಮೀಟರಿಗೂ ಮೀರಿದ ಅಗಲ. ನಿಜ ಹೇಳಬೇಕೆಂದರೆ ಇದು ಹಿತ್ತಾಳೆ. ಆಸ್ ಮತ್ತು ಕ್ವಾಡ್ರನ್ಸ್ ತಾಮ್ರ. ಬರಬರುತ್ತಾ ತವರ, ಸೀಸ ಎಲ್ಲ ಬೆರೆಸಿದರು. ಪುಸ್ತಕದವರು ಎಲ್ಲವನ್ನೂ ಒಟ್ಟಾಗಿ ಕಂಚು ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಸಾರ್ವಜನಿಕ ಸ್ನಾನಗೃಹಕ್ಕೆ ಒಂದು ಕ್ವಾಡ್ರನ್ಸ್ ಕೊಟ್ಟರೆ ಆಗುತ್ತಿತ್ತು. ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಊರಿನ ಒಂದು ಹೆಂಡದ ಅಂಗಡಿಯ ಗೋಡೆಯ ಮೇಲೆ ದರಪಟ್ಟಿ ಉಳಿದಿದೆ. ಸಾಧಾರಣ ದ್ರಾಕ್ಷಾರಸಕ್ಕೆ ಒಂದು ಆಸ್, ಅದಕ್ಕಿಂತ ಒಳ್ಳೆಯದಕ್ಕೆ ಎರಡು, ಫಲೇರ್ನಿಯನ್ ಎಂಬ ಮೇಲ್ತರದ್ದಕ್ಕೆ ನಾಲ್ಕು, ಅಂದರೆ ಒಂದು ಪಾವಲಿ.

ಇನ್ನು ಚಿತ್ರಗಳು. ತೀರ ಹಳೆಯ ಆಸ್ ನಾಣ್ಯದ ಒಂದು ಬದಿಯಲ್ಲಿ ಜೇನಸ್ ಎಂಬ ದೇವರ ತಲೆ. ಹಿಂದೆ ಒಂದು ಮುಖ, ಮುಂದೆ ಒಂದು ಮುಖ ಇರುವ ಬಾಗಿಲು ಕಾಯುವ ದೇವರು ಆತ. ಇನ್ನೊಂದು ಬದಿಯಲ್ಲಿ ಹಡಗಿನ ಮೂತಿ. ರೋಮಿನ ಹುಡುಗರು ನಾಣ್ಯವನ್ನು ಮೇಲೆ ಚಿಮ್ಮಿ 'ತಲೆಯೋ, ಹಡಗೋ' ಎಂದು ಕೂಗುತ್ತಿದ್ದರಂತೆ. ಮ್ಯಾಕ್ರೋಬಿಯಸ್ ಎಂಬ ಲೇಖಕ ಇದನ್ನು ಬರೆದಿಟ್ಟಿದ್ದಾನೆ. ನಾಣ್ಯದ ಮೇಲೆ ಹಡಗು ಹೋಗಿ ಎಷ್ಟೋ ಕಾಲವಾದ ಮೇಲೂ ಹುಡುಗರು ಹಡಗು ಎಂದೇ ಕೂಗುತ್ತಿದ್ದರಂತೆ. ನಮ್ಮ ತಾಳವಾಡಿಯ ಕನ್ನಡ ಶಾಲೆಯ ಹುಡುಗರು ಇಂದಿಗೂ 'ಪೂವಾ ತಲೈಯಾ' ಎಂದು ಕೂಗುವುದಿಲ್ಲವೇ? ಈಗಿನ ಮಾಮೂಲಿ ನಾಣ್ಯದಲ್ಲಿ ಮನುಷ್ಯನ ತಲೆಯಂತೂ ಇಲ್ಲ.

ಚಕ್ರವರ್ತಿಗಳು ಬಂದ ಮೇಲೆ ಒಂದು ಬದಿಯಲ್ಲಿ ಅವರ ಮುಖ ಕೂತಿತು. ಇನ್ನೊಂದು ಬದಿ ಒಂದು ಸಣ್ಣ ಗೋಡೆಪತ್ರಿಕೆಯಾಯಿತು. ಆಗ ಪತ್ರಿಕೆಯಿಲ್ಲ, ರೇಡಿಯೋ ಇಲ್ಲ. ಅಕ್ಷರ ಬಲ್ಲವರು ಕಡಿಮೆ. ಚಕ್ರವರ್ತಿಯ ಮಾತು ಪ್ರತಿಯೊಬ್ಬರ ಅಂಗೈಗೆ ತಲುಪಬೇಕಾದರೆ ಚಿಲ್ಲರೆ ಕಾಸಿಗಿಂತ ಒಳ್ಳೆಯ ವಾಹನ ಯಾವುದಿತ್ತು? ನೀರೋ ತನ್ನ ಪಾವಲಿಯ ಮೇಲೆ ಓಸ್ಟಿಯಾ ಬಂದರನ್ನು ಹಡಗುಗಳ ಸಮೇತ ಅಚ್ಚುಹಾಕಿಸಿದ. ಟೈಟಸ್ ತಾನು ಉದ್ಘಾಟಿಸಿದ ಕೊಲೋಸಿಯಂ ಬಯಲುರಂಗವನ್ನು ಹಾಕಿಸಿದ. ಟ್ರೇಜನ್ನನು ತನ್ನ ಹೆಸರಿನ ಹೊಸ ಕಾಲುವೆಯಿಂದ ರೋಮ್ ಪಟ್ಟಣಕ್ಕೆ ನೀರು ಹರಿಸಿದ ಸುದ್ದಿಯನ್ನು ಹಾಕಿಸಿದ. ಇವೆಲ್ಲ ಈಗಿನ ಉದ್ಘಾಟನೆಯ ಕಲ್ಲುಗಳಿದ್ದ ಹಾಗೆ. ಒಮ್ಮೆ ನೋಡಿ ಮುಂದೆ ಹೋಗಬಹುದು.

ಆದರೆ ಒಂದು ನಾಣ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ. ಪುಸ್ತಕದಲ್ಲಿ ಅದರ ಚಿತ್ರವಿತ್ತು. ಹೇಡ್ರಿಯನ್ ಚಕ್ರವರ್ತಿಯ ಪಾವಲಿ ಅದು, ಕ್ರಿಸ್ತಶಕ 118ರ ಸಂಗತಿಯದು. ಒಬ್ಬ ಸರ್ಕಾರಿ ದಂಡಧಾರಿ ನಿಂತಿದ್ದಾನೆ. ಎಡಗೈಯಲ್ಲಿ ಅಧಿಕಾರದ ಕೋಲುಕಟ್ಟು, ಬಲಗೈಯಲ್ಲಿ ಪಂಜು. ಅವನ ಕಾಲ ಬಳಿ ಒಂದು ರಾಶಿ, ಅದಕ್ಕೆ ಬೆಂಕಿ ಹಚ್ಚುತ್ತಿದ್ದಾನೆ. ಅದು ಹುಲ್ಲಿನ ಮೆದೆಯಲ್ಲ, ಸಾಲದ ಪತ್ರಗಳ ರಾಶಿ! ಕೆಲವು ಅಚ್ಚುಗಳಲ್ಲಿ ಪಕ್ಕದಲ್ಲಿ ಜನ ನಿಂತು ಕೈಯೆತ್ತಿ ಜಯಕಾರ ಮಾಡುತ್ತಿದ್ದಾರೆ. ಸುತ್ತಲಿನ ಬರಹದ ಅರ್ಥ ಇಷ್ಟು: ಹಳೆಯ ಬಾಕಿ, ತೊಂಬತ್ತು ಕೋಟಿ ಪಾವಲಿ, ರದ್ದಾಯಿತು.

ತೊಂಬತ್ತು ಕೋಟಿ! ಗುಮಾಸ್ತನ ಬುದ್ಧಿ ಸುಮ್ಮನಿರುವುದಿಲ್ಲ, ನಾನು ಲೆಕ್ಕ ಹಾಕಿದೆ. ಆ ಕಾಲದಲ್ಲಿ ಒಬ್ಬ ಕಾಲಾಳಿನ ವರ್ಷದ ಸಂಬಳ 1,200 ಪಾವಲಿ. ಅಂದರೆ ಏಳೂವರೆ ಲಕ್ಷ ಸಿಪಾಯಿಗಳ ಒಂದು ವರ್ಷದ ಸಂಬಳ. ಇನ್ನೊಂದು ಲೆಕ್ಕ. ಪ್ಲಿನಿ ಎಂಬ ರೋಮಿನ ವಿದ್ವಾಂಸ, ಭಾರತದ ವ್ಯಾಪಾರಕ್ಕೆ ವರ್ಷಕ್ಕೆ ಐದು ಕೋಟಿ ಪಾವಲಿ ಹರಿದುಹೋಗುತ್ತಿದೆಯಲ್ಲಾ ಎಂದು ಗೊಣಗಿದ್ದ. ಹೇಡ್ರಿಯನ್ ಸುಟ್ಟ ಬಾಕಿ ಅಂಥ ಹದಿನೆಂಟು ವರ್ಷದ ವ್ಯಾಪಾರಕ್ಕೆ ಸಮ. ಇದು ಖಜಾನೆಗೆ ಜನ ಕೊಡಬೇಕಿದ್ದ ಬಾಕಿ, ಹಿಂದಿನ ಹದಿನಾರು ವರ್ಷದ್ದು ಎಂದು ಡಿಯೋ ಎಂಬ ಇತಿಹಾಸಕಾರ ಬರೆಯುತ್ತಾನೆ. ಟ್ರೇಜನ್ನನ ಹೆಸರಿನ ದೊಡ್ಡ ಚೌಕದಲ್ಲಿ, ಎಲ್ಲರ ಕಣ್ಣೆದುರಿಗೆ ಸುಟ್ಟರು. ಏಕೆ ಸುಡಬೇಕು? ಲೆಡ್ಜರಿನಲ್ಲಿ ಒಂದು ಗೆರೆ ಎಳೆದರೆ ಸಾಲದೇ? ಸಾಲದು. ಗೆರೆ ಎಳೆದ ಲೆಕ್ಕವನ್ನು ನಾಳೆ ಬಂದ ಅಧಿಕಾರಿ ಮತ್ತೆ ತೆರೆಯಬಹುದು, ಬೂದಿಯನ್ನು ಯಾರೂ ತೆರೆಯಲಾರರು. ಹೇಡ್ರಿಯನ್ನನಿಗೆ ಇದು ಗೊತ್ತಿತ್ತು. ಆಗಷ್ಟೇ ಪಟ್ಟಕ್ಕೆ ಬಂದಿದ್ದ. ಬಂದ ಹೊಸತರಲ್ಲೇ ನಾಲ್ವರು ದೊಡ್ಡ ಮನುಷ್ಯರ ಕೊಲೆಯಾಗಿ ಅವನ ಹೆಸರು ಕೆಟ್ಟಿತ್ತು. ಜನರ ವಿಶ್ವಾಸ ಬೇಕಿತ್ತು.

ಬಂಧುಗಳೇ, ನಮ್ಮ ದೇಶದಲ್ಲಿ 1990ರಲ್ಲಿ ಹತ್ತು ಸಾವಿರ ರೂಪಾಯಿವರೆಗಿನ ಗ್ರಾಮೀಣ ಸಾಲದ ಬಾಕಿ ಮನ್ನಾ ಆಯಿತು. 2008ರಲ್ಲಿ ಮತ್ತೊಮ್ಮೆ ಆಯಿತು. ಆಗ ನಾವು ಹಗಲೂ ರಾತ್ರಿ ಕೂತು ಪಟ್ಟಿ ಬರೆದೆವು. ಪಟ್ಟಿ ನೋಟೀಸು ಹಲಗೆಗೆ ಬಿದ್ದ ದಿನ ಶಾಖೆಯ ಮುಂದೆ ಜಾತ್ರೆ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ, ಅಂಥದೊಂದು ಮನ್ನಾ ಸಮಯದಲ್ಲಿ, ಒಬ್ಬ ಹಿರಿಯರು ಕೌಂಟರಿನ ಮುಂದೆ ಬಂದು ನಿಂತರು. ಅದಕ್ಕೆ ಕೆಲವು ತಿಂಗಳ ಹಿಂದಷ್ಟೇ ಜೋಡಿ ಎತ್ತಿನಲ್ಲಿ ಒಂದನ್ನು ಮಾರಿ ಕೊನೆಯ ಕಂತು ಕಟ್ಟಿದ್ದರು. ಹಣ ಎಣಿಸಿಕೊಂಡು ರಸೀದಿ ಬರೆದವನು ನಾನೇ. ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇರುವಂತೆಯೂ ಇಲ್ಲ, ಬಾಕಿ ಇದ್ದರಲ್ಲವೇ ಮನ್ನಾ?

"ಕಟ್ಟಿದ್ದೇ ತಪ್ಪಾಯ್ತಾ ಸಾಮಿ?" ಅಂದರು.

"ತಪ್ಪಲ್ಲ ಯಜಮಾನ್ರೇ," ಅಂದೆ. ಮುಂದೆ ಮಾತು ಹೊರಡಲಿಲ್ಲ. ಅವರು ಬಯ್ಯಲಿಲ್ಲ, ಜಗಳ ಮಾಡಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು ಹೋದರು. ಹೇಡ್ರಿಯನ್ನನ ನಾಣ್ಯದಲ್ಲಿ ಕೈಯೆತ್ತಿ ಜಯಕಾರ ಮಾಡುವವರನ್ನು ನೋಡಿದಾಗಲೆಲ್ಲ ನನಗೆ ಆ ಚೌಕದ ಅಂಚಿನಲ್ಲಿ ಸುಮ್ಮನೆ ನಿಂತಿರಬಹುದಾದವನು ನೆನಪಾಗುತ್ತಾನೆ. ಸಾಲಮನ್ನಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರಿಂದ ಉಸಿರು ಮರಳಿದ ಮನೆಗಳನ್ನೂ ನಾನು ಕಂಡಿದ್ದೇನೆ. ನಾಣ್ಯದ ಅಗಲ ಸಣ್ಣದು, ಅದರಲ್ಲಿ ಎಲ್ಲರೂ ಹಿಡಿಸುವುದಿಲ್ಲ.

ಹೇಡ್ರಿಯನ್ನನಿಗಿಂತ ಇಪ್ಪತ್ತು ವರ್ಷ ಹಿಂದೆ ನರ್ವ ಎಂಬ ಮುದುಕ ಚಕ್ರವರ್ತಿ ಆಳಿದ. ಆಳಿದ್ದು ಬರೀ ಹದಿನಾರು ತಿಂಗಳು. ಅವನ ಪಾವಲಿಯ ಮೇಲಿನ ಚಿತ್ರ ನಮ್ಮ ಹಳ್ಳಿಯವರಿಗೆ ಹೇಳಿಮಾಡಿಸಿದಂತಿದೆ. ಎರಡು ಹೇಸರಗತ್ತೆಗಳು ತಲೆತಗ್ಗಿಸಿ ಹುಲ್ಲು ಮೇಯುತ್ತಿವೆ. ಹಿಂದೆ ನೊಗ ಮೂಕಿಗಳನ್ನು ಮೇಲಕ್ಕೆತ್ತಿ ನಿಲ್ಲಿಸಿದ ಬಂಡಿ. ಬಂಡಿ ಬಿಚ್ಚಿ ದನ ಮೇಯಲು ಬಿಟ್ಟ ದೃಶ್ಯ, ಅಷ್ಟೇ. ಅಲ್ಲಿ ರಾಜನಿಲ್ಲ, ದೇವರಿಲ್ಲ, ಕತ್ತಿಯಿಲ್ಲ. ಇದರ ಕಥೆ ಹೀಗೆ. ಸರ್ಕಾರದ ಅಂಚೆ, ಅಧಿಕಾರಿಗಳ ಸವಾರಿ ಹೋಗುವ ದಾರಿಯಲ್ಲಿ ಊರಿನವರು ಪ್ರಾಣಿ ಮತ್ತು ಬಂಡಿ ಒದಗಿಸಬೇಕಿತ್ತು. ಇತ್ತ ನಮ್ಮ ಹಿರಿಯರು ಬಿಟ್ಟಿ ಎನ್ನುತ್ತಿದ್ದರಲ್ಲ, ಅದೇ. ಕ್ರಿಸ್ತಶಕ 97ರಲ್ಲಿ ನರ್ವ ಆ ಹೊರೆಯನ್ನು ಊರುಗಳ ತಲೆಯಿಂದ ಇಳಿಸಿದ. ಇನ್ನು ಬಿಟ್ಟಿಯಿಲ್ಲ, ನಿಮ್ಮ ಹೇಸರಗತ್ತೆ ನಿಮ್ಮ ಗದ್ದೆಯಲ್ಲಿ ಮೇಯಲಿ ಎಂಬುದೇ ಆ ಚಿತ್ರ. ರೋಮಿನ ಎಲ್ಲ ನಾಣ್ಯಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಇದು.

ಆದರೆ ಸುತ್ತಲಿನ ಬರಹವನ್ನು ಪೂರ್ತಿ ಓದಬೇಕು. ಅದರಲ್ಲಿ 'ಇಟಲಿಯ' ಎಂಬ ಒಂದು ಪದವಿದೆ. ಬಿಟ್ಟಿ ತಪ್ಪಿದ್ದು ಇಟಲಿಗೆ ಮಾತ್ರ, ಅಂದರೆ ರಾಜಧಾನಿ ಇರುವ ಸೀಮೆಗೆ. ಅದರಾಚೆಗಿನ ಪ್ರಾಂತ್ಯಗಳಿಗೆ ಅಲ್ಲ.

ಪ್ರಾಂತ್ಯದ ಹಳ್ಳಿಗರು ಏನಾದರು ಎಂಬುದಕ್ಕೆ ನಾಣ್ಯವಿಲ್ಲ, ಒಂದು ಕಲ್ಲಿದೆ. ಈಗಿನ ಬಲ್ಗೇರಿಯಾ ದೇಶದಲ್ಲಿ ಸ್ಕಾಪ್ಟೊಪಾರಾ ಎಂಬ ಹಳ್ಳಿಯಿತ್ತು. ಬಿಸಿನೀರಿನ ಬುಗ್ಗೆಗಳಿದ್ದ ಊರು, ಎರಡು ಸೈನ್ಯದ ಠಾಣೆಗಳ ನಡುವೆ ಇತ್ತು. ಹತ್ತಿರದಲ್ಲೇ ವರ್ಷಕ್ಕೊಮ್ಮೆ ಹದಿನೈದು ದಿನದ ಹೆಸರಾಂತ ಜಾತ್ರೆ. ಜಾತ್ರೆಗೆ ಬಂದವರು, ಸಿಪಾಯಿಗಳು, ಅಧಿಕಾರಿಗಳು ಜಾತ್ರೆಯ ಜಾಗದಲ್ಲಿ ಇರದೆ ಈ ಊರಿಗೆ ನುಗ್ಗಿ, ಬಿಟ್ಟಿ ಊಟ, ಬಿಟ್ಟಿ ವಸತಿ ಕೇಳುತ್ತಿದ್ದರು. ಕ್ರಿಸ್ತಶಕ 238ರಲ್ಲಿ ಊರಿನವರು ಗೋರ್ಡಿಯನ್ ಚಕ್ರವರ್ತಿಗೆ ಅರ್ಜಿ ಬರೆದರು. ಹೀಗೇ ಆದರೆ ನಾವು ಪೂರ್ವಿಕರ ಮನೆಮಠ ಬಿಟ್ಟು ಓಡಿಹೋಗುತ್ತೇವೆ, ಆಮೇಲೆ ನಿಮಗೆ ಕಂದಾಯ ಕೊಡುವವರು ಯಾರು ಎಂದು ಕೇಳಿದರು. ಅದೇ ಊರಿನಲ್ಲಿ ಜಮೀನಿದ್ದ ಪಿರಸ್ ಎಂಬ ಅರಮನೆಯ ಕಾವಲು ಸಿಪಾಯಿಯ ಕೈಯಲ್ಲಿ ಅರ್ಜಿ ರೋಮಿಗೆ ಹೋಯಿತು. ಅರ್ಜಿ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಡಿಸೆಂಬರಿನಲ್ಲಿ ಉತ್ತರ ಬಂತು, ಲ್ಯಾಟಿನ್ ಭಾಷೆಯಲ್ಲಿ. ಕೆಲವೇ ಸಾಲು. ಇಂಥದ್ದನ್ನು ನನ್ನಲ್ಲಿಗೆ ತರುವುದಕ್ಕಿಂತ ನಿಮ್ಮ ಪ್ರಾಂತ್ಯದ ಅಧಿಪತಿಯ ಮುಂದೆ ಇಡಿ ಎಂಬುದು ಅದರ ಸಾರಾಂಶ.

ಒಂದು ಭಾಷೆಯಲ್ಲಿ ಅರ್ಜಿ, ಇನ್ನೊಂದು ಭಾಷೆಯಲ್ಲಿ ಉತ್ತರ. ಗಡಿಯ ಊರಿನಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಜನರ ಕಾಗದವನ್ನು ನಾನೇ ಓದಿ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಸ್ಕಾಪ್ಟೊಪಾರಾದವರು ಮಾತ್ರ ಜಾಣರು. ಅರ್ಜಿ ಉತ್ತರ ಎರಡನ್ನೂ, ಎರಡು ಭಾಷೆಯಲ್ಲೂ, ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಅದೇ ಗೋರ್ಡಿಯನ್ನನ ಪಾವಲಿಯ ಮೇಲೆ ತಕ್ಕಡಿ ಹಿಡಿದು ನಿಂತ ಒಬ್ಬ ದೇವಿಯಿದ್ದಾಳೆ. ಅವಳ ಹೆಸರಿನ ಅರ್ಥ ಸಮನ್ಯಾಯ.

ಗ್ರೀಕ್ ಎಂದೆನಲ್ಲ, ಅಲ್ಲೇ ನನಗೆ ಬಹಳ ಸಂತೋಷ ಕೊಟ್ಟ ವಿಷಯವಿದೆ. ಸಾಮ್ರಾಜ್ಯದ ಪೂರ್ವದ ಅರ್ಧದಲ್ಲಿ, ಅಂದರೆ ಈಗಿನ ಗ್ರೀಸ್, ತುರ್ಕಿ, ಸಿರಿಯಾ ಕಡೆ, ಜನರ ವ್ಯವಹಾರದ ಭಾಷೆ ಗ್ರೀಕ್. ಅಲ್ಲಿನ ಚಿನ್ನದ ನಾಣ್ಯ ಚಕ್ರವರ್ತಿಯದು, ಲ್ಯಾಟಿನ್ನಿನದು. ಆದರೆ ಚಿಲ್ಲರೆ ಕಂಚನ್ನು ನೂರಾರು ಪಟ್ಟಣಗಳು ತಾವೇ ಅಚ್ಚುಹಾಕಿಕೊಳ್ಳುತ್ತಿದ್ದವು! ಒಂದು ಬದಿಯಲ್ಲಿ ಚಕ್ರವರ್ತಿಯ ಮುಖ ಇರಲೇಬೇಕು, ಇರಲಿ. ಅವನ ಹೆಸರನ್ನು ಮಾತ್ರ ಗ್ರೀಕಿನಲ್ಲೇ ಬರೆಯುತ್ತಿದ್ದರು. ಇನ್ನೊಂದು ಬದಿ ಪೂರ್ತಿ ಊರಿನದು. ಊರ ದೇವರು, ಊರ ನದಿ, ಊರ ಗುಡಿ. ಎಫೆಸಸ್ ಪಟ್ಟಣದ ನಾಣ್ಯದಲ್ಲಿ ಅಲ್ಲಿನ ಆರ್ಟೆಮಿಸ್ ದೇವಿ. ಸ್ಮಿರ್ನಾದವರು ಕವಿ ಹೋಮರ್ ನಮ್ಮೂರಿನವನು ಎಂದು ಅವನನ್ನೇ ಕೂರಿಸಿದರು. ಸ್ಕಾಪ್ಟೊಪಾರಾ ಯಾವ ಪಟ್ಟಣದ ಸರಹದ್ದಿಗೆ ಸೇರಿತ್ತೋ ಆ ಪೌತಾಲಿಯಾದ ನಾಣ್ಯಗಳಲ್ಲಿ ವೈದ್ಯದೇವತೆ ಅಸ್ಕ್ಲೇಪಿಯಸ್. ಬಿಸಿನೀರಿನ ಸೀಮೆಯಲ್ಲವೇ! ಸಿರಿಯಾದ ಆಂಟಿಯೋಕ್‌ನಲ್ಲಿ ಇನ್ನೂ ಸೊಗಸು. ಎರಡನೆಯ ಶತಮಾನದ ಅಲ್ಲಿನ ಕಂಚಿನಲ್ಲಿ ಮುಂಬದಿಯ ಬರಹ ಗ್ರೀಕು, ಹಿಂಬದಿಯಲ್ಲಿ ಮಾಲೆಯೊಳಗೆ ಎರಡು ದಪ್ಪ ಲ್ಯಾಟಿನ್ ಅಕ್ಷರ, 'ಎಸ್' ಮತ್ತು 'ಸಿ'. ರೋಮಿನ ಹಿರಿಯರ ಸಭೆಯ ಆಜ್ಞೆಯಂತೆ ಎಂಬುದರ ಗುರುತು ಅದು. ಒಂದೇ ಬಿಲ್ಲೆಯಲ್ಲಿ ಎರಡು ಭಾಷೆ, ನಮ್ಮ ಮನೆಯ ಹಾಗೆ.

ಅಪಾಮಿಯಾ ಎಂಬ ಊರಿನ ನಾಣ್ಯದ ಮಾತು ಹೇಳದೆ ಇರಲಾರೆ. ಮೂರನೆಯ ಶತಮಾನದ್ದು. ನೀರಿನ ಮೇಲೆ ತೇಲುವ ಒಂದು ಪೆಟ್ಟಿಗೆ, ಅದರೊಳಗೆ ಗಂಡಹೆಂಡತಿ, ಮೇಲೆ ಹಕ್ಕಿ. ಪಕ್ಕದಲ್ಲಿ ಅದೇ ದಂಪತಿ ನೆಲಕ್ಕಿಳಿದು ಕೈಯೆತ್ತಿ ನಿಂತಿದ್ದಾರೆ. ಪೆಟ್ಟಿಗೆಯ ಮೇಲೆ ಗ್ರೀಕ್ ಅಕ್ಷರದಲ್ಲಿ 'ನೋಯೆ' ಎಂದಿದೆ. ಜಲಪ್ರಳಯದಲ್ಲಿ ಉಳಿದ ನೋಹನ ಕಥೆ ಅದು! ಊರಿನ ಹೆಚ್ಚಿನವರು ಗ್ರೀಕರ ದೇವರುಗಳನ್ನು ಪೂಜಿಸುವವರು, ಕಥೆ ಯೆಹೂದ್ಯರದು, ಮುಖ ರೋಮಿನ ದೊರೆಯದು. ಊರಿಗೆ ಪೆಟ್ಟಿಗೆ ಎಂಬ ಅರ್ಥದ ಅಡ್ಡಹೆಸರಿತ್ತು, ಹಾಗಾಗಿ ಪೆಟ್ಟಿಗೆಯ ಕಥೆಯನ್ನು ತಮ್ಮದೆಂದು ಅಪ್ಪಿಕೊಂಡರು. ಆ ಊರಿಗೆ ಈಗ ತುರ್ಕಿಯಲ್ಲಿ ದಿನಾರ್ ಎಂದು ಹೆಸರು. ನಾಣ್ಯದ ಕಥೆಗೆ ಎಂಥ ಹೆಸರು ನೋಡಿ.

ಎಲ್ಲ ಊರಿಗೂ ಇಷ್ಟು ಸಲೀಸಾಗಿ ಇರಲಿಲ್ಲ. ಯೆಹೂದ್ಯರು ರೋಮಿನ ವಿರುದ್ಧ ಎದ್ದಾಗ, ಕ್ರಿಸ್ತಶಕ 70ರಲ್ಲಿ ಜೆರುಸಲೇಮ್ ಬಿತ್ತು, ಅವರ ದೇವಾಲಯ ಸುಟ್ಟಿತು. ಮರುವರ್ಷವೇ ವೆಸ್ಪೇಸಿಯನ್ ಚಕ್ರವರ್ತಿ ಒಂದು ಪಾವಲಿ ಹೊರಡಿಸಿದ. ನಡುವೆ ಒಂದು ಖರ್ಜೂರದ ಮರ. ಮರದ ಒಂದು ಪಕ್ಕ ಕೈ ಕಟ್ಟಿಹಾಕಿದ ಸೆರೆಯಾಳು. ಇನ್ನೊಂದು ಪಕ್ಕ ಒಬ್ಬ ಹೆಂಗಸು ನೆಲದಲ್ಲಿ ಕೂತು, ತಲೆಗೆ ಕೈಯಿಟ್ಟು ಅಳುತ್ತಿದ್ದಾಳೆ. ಸೋತ ನಾಡು ಅವಳ ರೂಪದಲ್ಲಿ ಕೂತಿದೆ. 'ಜುಡೇಯಾ ಸೆರೆಯಾಯಿತು' ಎಂಬುದು ಬರಹ. ಇಂಥ ನಾಣ್ಯಗಳನ್ನು ಟೈಟಸ್ ಕೂಡ ಮುಂದುವರಿಸಿದ. ಸೊಪ್ಪು ಕೊಳ್ಳುವಾಗ, ಎಣ್ಣೆ ಕೊಳ್ಳುವಾಗ ಕೈಯಿಂದ ಕೈಗೆ ಆ ಅಳು ದಾಟಿತು.

ಅರವತ್ತು ವರ್ಷದ ಮೇಲೆ, 132ರಲ್ಲಿ, ಅದೇ ಜನ ಮತ್ತೊಮ್ಮೆ ಎದ್ದರು. ಆಗಿನ ಚಕ್ರವರ್ತಿ ಯಾರು ಗೊತ್ತೇ? ಸಾಲಪತ್ರ ಸುಟ್ಟ ನಮ್ಮ ಹೇಡ್ರಿಯನ್ನನೇ. ದಂಗೆಯೆದ್ದವರಿಗೆ ತಮ್ಮದೇ ನಾಣ್ಯ ಬೇಕಿತ್ತು, ಆದರೆ ಹೊಸ ಬಿಲ್ಲೆಗೆ ಲೋಹ ಎಲ್ಲಿಂದ ತರುವುದು? ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ಹಿಡಿದರು. ಕಂಚಿನ ಮೇಲಿದ್ದ ಮುಖವನ್ನು ತಟ್ಟಿ, ಅರದಿಂದ ಉಜ್ಜಿ ಅಳಿಸಿ, ಅದರ ಮೇಲೆ ತಮ್ಮ ಅಚ್ಚು ಒತ್ತಿದರು. ಬರಹ ಅವರ ಪೂರ್ವಿಕರ ಹಳೆಯ ಹೀಬ್ರೂ ಲಿಪಿಯಲ್ಲಿ. ದಿನನಿತ್ಯದ ಬಳಕೆಯಿಂದ ಆ ಲಿಪಿ ಎಂದೋ ಹೋಗಿತ್ತು, ಹುಡುಕಿ ತಂದರು. ಚಿತ್ರ ಯಾವುದು? ಒಂದು ಬದಿಯಲ್ಲಿ ದ್ರಾಕ್ಷಿಯ ಎಲೆ. ಇನ್ನೊಂದು ಬದಿಯಲ್ಲಿ ಅದೇ ಖರ್ಜೂರದ ಮರ, ಏಳು ಗರಿಯದು. ಅಳುವ ಹೆಂಗಸಿಲ್ಲ, ಸೆರೆಯಾಳಿಲ್ಲ, ಮರ ಮಾತ್ರ ನೆಟ್ಟಗೆ ನಿಂತಿದೆ. ಇಂದಿಗೂ ಕೆಲವು ಬಿಲ್ಲೆಗಳಲ್ಲಿ ಮರದ ಕೆಳಗೆ ಹಳೆಯ ಅಚ್ಚಿನ ಅಕ್ಷರವೋ ಮುಖದ ಗೆರೆಯೋ ಮಬ್ಬಾಗಿ ಕಾಣುತ್ತದೆ. ಆ ದಂಗೆಯನ್ನೂ ರೋಮಿನವರು ಮೂರು ನಾಲ್ಕು ವರ್ಷದಲ್ಲಿ ಅಡಗಿಸಿದರು. ಸತ್ತವರು ಲೆಕ್ಕವಿಲ್ಲ. ಸಾಲ ಸುಟ್ಟವನೂ ಊರು ಸುಟ್ಟವನೂ ಒಬ್ಬನೇ ಎಂಬುದನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಒಪ್ಪುವುದಿಲ್ಲ. ಆದರೆ ನಿಜ.

ಮುಂದೆ ರೋಮಿನ ಬೆಳ್ಳಿಯೂ ಕೆಟ್ಟಿತು. ಮೂರನೆಯ ಶತಮಾನದಲ್ಲಿ ಯುದ್ಧಕ್ಕೆ, ಸಂಬಳಕ್ಕೆ ಹಣ ಸಾಲದೆ ಬೆಳ್ಳಿಗೆ ತಾಮ್ರ ಬೆರೆಸುತ್ತಾ ಹೋದರು. ಕ್ರಿಸ್ತಶಕ 270ರ ಹೊತ್ತಿಗೆ ಅದು ಬೆಳ್ಳಿಯ ನೀರು ಕುಡಿಸಿದ ಕಂಚು. ದಪ್ಪ ಪಾವಲಿಯನ್ನು ಅಚ್ಚುಹಾಕುವುದೂ ನಿಂತುಹೋಯಿತು. ಊರೂರಿನ ಗ್ರೀಕ್ ಕಂಚೂ ಅದೇ ಹೊತ್ತಿಗೆ ನಿಂತಿತು. ಆಮೇಲಿನದು ಚಿಕ್ಕ ಚಿಕ್ಕ ಬಿಲ್ಲೆಗಳ ಕಾಲ. ಕ್ರಿಸ್ತಶಕ 348ರಿಂದ ಹೊರಟ ಒಂದು ಕಂಚಿನ ನಾಣ್ಯದಲ್ಲಿ ರೋಮಿನ ಸಿಪಾಯಿ ಕುದುರೆಯಿಂದ ಬಿದ್ದ ಶತ್ರುವಿಗೆ ಈಟಿ ಇರಿಯುತ್ತಿದ್ದಾನೆ. ಬರಹ: ಸುಖದ ಕಾಲ ಮರಳಿತು. ಆ ಬರಹದ ನಾಣ್ಯ ಕೆಲವೇ ವರ್ಷಗಳಲ್ಲಿ ಸಣ್ಣದಾಗುತ್ತಾ, ತೆಳುವಾಗುತ್ತಾ ಹೋಯಿತು. ಸುಖ ಎಷ್ಟು ಮರಳಿತು ಎಂಬುದನ್ನು ತಕ್ಕಡಿಯೇ ಹೇಳುತ್ತದೆ.

ಆ ಕೊನೆಗಾಲದ ಸಣ್ಣ ಕಂಚುಗಳೇ ನಮ್ಮ ನೆರೆಗೆ ಬಂದಿರುವುದು. ನಾಲ್ಕನೆಯ, ಐದನೆಯ ಶತಮಾನದ ಇಂಥ ಕಾಸುಗಳು ಕರೂರಿನ ಅಮರಾವತಿ ನದಿಯ ಮರಳಿನಲ್ಲಿ ಸಾಕಷ್ಟು ಸಿಕ್ಕಿವೆ. ಮದುರೆಯ ಕಡೆ ಸಿಕ್ಕಿವೆ. ಶ್ರೀಲಂಕಾದಲ್ಲಂತೂ ಇವು ಎಷ್ಟು ಓಡಾಡಿದವೆಂದರೆ, ಸಾಲದೆ ಬಂದಾಗ ಅಲ್ಲಿಯವರು ಅದೇ ಮಾದರಿಯಲ್ಲಿ ತಾವೇ ಮಾಡಿಕೊಂಡರು. ನಮ್ಮ ಈರೋಡು ಜಿಲ್ಲೆಯ ಕೊಡುಮಣಲ್, ಹಸಿರು ಹರಳಿನ ಕೆಲಸಕ್ಕೆ ಹೆಸರಾದ ಊರು, ಕರೂರಿಗೆ ಹೋಗುವ ಹಳೆಯ ವ್ಯಾಪಾರದ ದಾರಿಯಲ್ಲೇ ಇದೆ. ಕರೂರಿನ ಕಾಸುಗಳು ಬಹಳ ಸವೆದಿವೆ. ಮುಖವೂ ಸರಿಯಾಗಿ ಕಾಣುವುದಿಲ್ಲ, ಬರಹವೂ ಓದಲಾಗುವುದಿಲ್ಲ. ಇಲ್ಲಿ ಯಾರಿಗೂ ಲ್ಯಾಟಿನ್ ಬಾರದು, ಚಕ್ರವರ್ತಿ ಯಾರೆಂದು ಗೊತ್ತಿಲ್ಲ. ಆದರೂ ಅಷ್ಟು ಸವೆಯಬೇಕಾದರೆ ಅದು ಎಷ್ಟು ಕೈ ದಾಟಿರಬೇಕು!

ಕೊನೆಯದಾಗಿ ಒಂದು ಉಪಯೋಗದ ಮಾತು. ಉಳುವಾಗಲೋ, ಪಾಯ ತೆಗೆಯುವಾಗಲೋ, ಹೊಳೆಯಲ್ಲೋ ನಿಮಗೆ ಹಸಿರು ಕಿಲುಬು ಹಿಡಿದ ಸಣ್ಣ ಬಿಲ್ಲೆ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಮ್ಮ ಮನೆಯ ಹೆಂಗಸರಿಗೆ ಹಿತ್ತಾಳೆ ತಾಮ್ರ ಕಂಡರೆ ಕೈ ತುರಿಸುತ್ತದೆ, ನನಗೆ ಗೊತ್ತು. ತಿಕ್ಕಿದರೆ ಕಿಲುಬಿನ ಜೊತೆ ಉಳಿದಿರುವ ಅಕ್ಷರವೂ ಹೋಗುತ್ತದೆ. ಹಳೇ ಪಾತ್ರೆಯವನಿಗೆ ತೂಕಕ್ಕೆ ಹಾಕಬೇಡಿ. ಮಣ್ಣಿನಲ್ಲಿ ಹೂತ ನಿಧಿ ಸಿಕ್ಕರೆ, ಅದರ ಬೆಲೆ ಹತ್ತು ರೂಪಾಯಿ ಮೀರಿದರೆ, ಜಿಲ್ಲಾ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿತ್ತು, ಜೊತೆಗೆ ಏನಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕನ್ನಡದಲ್ಲಿ ಬರೆದರೂ ಆದೀತು.